ಮಾಗಡಿ ರಸ್ತೆಯ ಕುರುಕ್ಷೇತ್ರ

ಶಿವರಾತ್ರಿ ಕಳೆದು ಊರಹಬ್ಬಗಳ ಕಾಲ ಬಂತೆಂದರೆ ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ, ಕೆಂಗೇರಿ ಕಡೆಯ ಕೂಡುರಸ್ತೆಗಳಲ್ಲಿ ಒಂದು ಬಗೆಯ ಫ್ಲೆಕ್ಸ್ ಏಳುತ್ತದೆ. ನಡುವೆ ಗೀತೋಪದೇಶದ ರಥ, ಸುತ್ತ ಕಿರೀಟ ತೊಟ್ಟ ಹತ್ತಾರು ಮುಖಗಳು. ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ. ಮುಖ ನೋಡಿದರೆ ಗುರುತು ಹತ್ತುತ್ತದೆ: ಇವರು ಆಟೊ ಓಡಿಸುವವರು, ಬಸ್ ಕಂಡಕ್ಟರುಗಳು, ಹಾಲಿನ ವ್ಯಾಪಾರಿಗಳು, ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಹಿಡಿದವರು, ಜಮೀನು ಲೇಔಟಾದ ಮೇಲೂ ರೈತರೆಂದೇ ಹೇಳಿಕೊಳ್ಳುವವರು.

ಬೆಂಗಳೂರಿನ ರಾತ್ರಿ ಮನರಂಜನೆ ಎಂದ ಕೂಡಲೇ ಪಬ್ಬು, ಮಾಲು, ಸೆಕೆಂಡ್ ಶೋಗಳ ಮಾತು ಬರುತ್ತದೆ. ಆ ಫ್ಲೆಕ್ಸುಗಳು ಸಾರುವ ಪೌರಾಣಿಕ ನಾಟಕದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಗರದ ಪಶ್ಚಿಮದಂಚಿನಲ್ಲಿ ಮಾತ್ರ ಅದು ಎಂದೂ ನಿಂತಿಲ್ಲ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಕೆಂಗೇರಿ ಪುರಸಭೆಯೂ ಸುತ್ತಣ ಹಳ್ಳಿಗಳೂ ನಗರದೊಳಗೆ ಸೇರಿದವು. ಊರುಗಳು ವಾರ್ಡುಗಳಾದವು, ಗದ್ದೆಗಳು ಸೈಟುಗಳಾದವು. ಊರಿನವರು ನಾಟಕ ಬಿಡಲಿಲ್ಲ.

ಇದರ ಲೆಕ್ಕಾಚಾರವೇ ಬೇರೆ. ನೋಡುವವರಿಗೆ ಸಾಮಾನ್ಯವಾಗಿ ಟಿಕೆಟ್ ಇಲ್ಲ, ಪಾರ್ಟು ಮಾಡುವವನೇ ದುಡ್ಡು ಕಟ್ಟುತ್ತಾನೆ. ಕೃಷ್ಣ, ದುರ್ಯೋಧನ, ಕರ್ಣ, ಭೀಮ, ಶಕುನಿಗೆ ಹೆಚ್ಚು. ವಿದುರ, ಸಾತ್ಯಕಿಗೆ ಕಡಿಮೆ. ಆ ಹಣದಲ್ಲಿ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ವಾದ್ಯದವರು, ಮೈಕು, ಶಾಮಿಯಾನ ಎಲ್ಲವೂ ನಡೆಯಬೇಕು. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಗೊತ್ತುಮಾಡುತ್ತಾರೆ; ಆ ಪಾರ್ಟುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುವ ಅವರು ಇಡೀ ತಂಡವನ್ನೇ ಕೈಹಿಡಿದು ನಡೆಸುವುದುಂಟು. ಒಂದು ಪಾತ್ರಕ್ಕೆ ಇಬ್ಬರು ಮೂವರು ಇರುವುದಕ್ಕೂ ಕಾರಣವಿದೆ. ರಾತ್ರಿಯಿಡೀ ಹಾಡಿ ಅಬ್ಬರಿಸಲು ಒಂದೇ ಗಂಟಲಿಗೆ ಆಗದು, ಖರ್ಚು ಒಬ್ಬನ ಹೆಗಲಿಗೇ ಬೀಳಲೂಬಾರದು.

ಎಲ್ಲದರ ಕೇಂದ್ರ ಹಾರ್ಮೋನಿಯಂ ಮೇಷ್ಟ್ರು. ದೇವಸ್ಥಾನದ ಹಜಾರದಲ್ಲೋ ಯಾರದೋ ಮನೆಯ ತಾರಸಿಯ ಮೇಲೋ ತಿಂಗಳುಗಟ್ಟಲೆ ತಾಲೀಮು. ಕೆಲಸ ಮುಗಿಸಿ, ಸ್ನಾನ ಮಾಡಿ, ಊಟ ಮಾಡಿ ಬರುವಷ್ಟರಲ್ಲಿ ಒಂಬತ್ತು ಗಂಟೆ. ಮೇಷ್ಟ್ರು ಮೊದಲು ಶ್ರುತಿ ಹಿಡಿಸಬೇಕು, ಮಟ್ಟು ಕೂರಿಸಬೇಕು, ಕಂದಪದ್ಯವನ್ನು ಎಲ್ಲಿ ಒಡೆಯಬೇಕೆಂದು ತೋರಿಸಬೇಕು. ಅಕ್ಷರ ಓದಲು ಬಾರದವನಿಗೆ ಇಡೀ ಪಾರ್ಟನ್ನು ಕಿವಿಯಿಂದಲೇ ತುಂಬಬೇಕು. ಸಂಗೀತ ಶಾಲೆಯ ಹೊಸ್ತಿಲು ತುಳಿಯದ ಸಾವಿರಾರು ಗಂಡಸರಿಗೆ ಮೋಹನ, ಕಲ್ಯಾಣಿ, ಹಿಂದೂಸ್ತಾನಿ ಭೈರವಿಗಳನ್ನು ಗಂಟಲಿಗಿಳಿಸಿದವರು ಇವರು. ಇವರ ಹೆಸರು ಯಾವ ಸಂಗೀತ ಚರಿತ್ರೆಯಲ್ಲೂ ಬರುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಆಟದ ದಿನ ಮಧ್ಯಾಹ್ನವೇ ಸೀನರಿಯವರ ಲಾರಿ ಬರುತ್ತದೆ. ದರ್ಬಾರು, ಕಾಡು, ಬೀದಿಯ ಪರದೆಗಳು, ಕಿರೀಟ, ಗದೆ, ಬಿಲ್ಲು, ಭೀಷ್ಮನ ಶರಶಯ್ಯೆ, ಅಭಿಮನ್ಯುವಿನ ಚಕ್ರವ್ಯೂಹ. ಬಣ್ಣ ಹಚ್ಚುವವರೂ ಅದರಲ್ಲೇ ಬರುತ್ತಾರೆ. ಈ ವೈಭವದ ಬೇರು ಕಂಪನಿ ನಾಟಕದಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿತ್ತು. ಕಂಪನಿಗಳು ವಿರಳವಾದ ಮೇಲೂ ಅವುಗಳ ಹಾಡು, ಪರದೆ, ನಿಲುವುಗಳು ಹವ್ಯಾಸಿಗಳ ಕೈಯಲ್ಲಿ ಉಳಿದವು.

ಕುರುಕ್ಷೇತ್ರದ ಜೊತೆಗೆ ‘ರಾಜಾ ಸತ್ಯವ್ರತ’, ‘ದಕ್ಷಯಜ್ಞ’, ‘ರಾಮಾಯಣ’ಗಳೂ ನಡೆಯುತ್ತವೆ. ಜನ ಮುಗಿಬೀಳುವುದು ಮಾತ್ರ ದುರ್ಯೋಧನನಿಗೆ. ಸಂಧಾನದ ದೃಶ್ಯದಲ್ಲಿ ಕೃಷ್ಣನ ಹಾಡಿಗೆ ಅವನು ತಿರುಗಿ ಹಾಡುವಾಗ ಒನ್ಸ್ ಮೋರ್ ಕೂಗು ಏಳದಿದ್ದರೆ ಆ ದುರ್ಯೋಧನ ಸೋತಂತೆಯೇ. ಹಾಡು ಮುಗಿಯುವುದೇ ತಡ, ಭಾವಮೈದುನನೋ ಗೆಳೆಯರ ಬಳಗವೋ ರಂಗ ಹತ್ತಿ ಹಾರ, ಶಾಲು ಹಾಕಿ ಫೋಟೊ ತೆಗೆಸಿಕೊಳ್ಳುತ್ತದೆ. ಈ ಸನ್ಮಾನಗಳು ಅತಿಯಾಗಿವೆ. ಇವು ತಿಂದ ಹೊತ್ತಿಗೆ ಬೆಲೆ ತೆರುವವರು ಬೆಳಗಿನ ಜಾವದ ಪಾತ್ರಧಾರಿಗಳು. ತಿಂಗಳುಗಟ್ಟಲೆ ಕಲಿತ ಊರುಭಂಗದ ಹಾಡುಗಳನ್ನು ಅವರು ಬಿಟ್ಟು ಓಡಬೇಕಾಗುತ್ತದೆ. ಕೀಬೋರ್ಡು, ರಿದಂ ಪ್ಯಾಡುಗಳ ಅಬ್ಬರಕ್ಕೆ ಕಂದದ ಸಾಹಿತ್ಯ ಮುಚ್ಚಿಹೋಗುವುದೂ ಹೆಚ್ಚುತ್ತಿದೆ.

ದೊಡ್ಡ ತೊಡಕು ಕಾನೂನಿನದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ 15 ದಿನ ಮೀರದಂತೆ, ಮಧ್ಯರಾತ್ರಿಯವರೆಗಷ್ಟೇ ಸರ್ಕಾರ ಸಡಿಲಿಕೆ ಕೊಡಬಹುದು. ಮುಚ್ಚಿದ ಸಭಾಂಗಣಗಳಿಗೆ ಈ ತಡೆ ಇಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗೆ, ಕಾಯಿಲೆಯವರಿಗೆ ನಿದ್ದೆ ಬೇಕು. ನಿಯಮ ತಪ್ಪೆಂದು ನಾನು ಹೇಳಲಾರೆ. ಆದರೆ 2024ರಲ್ಲಿ ಬಾರು, ಹೋಟೆಲುಗಳಿಗೆ ರಾತ್ರಿ ಒಂದರವರೆಗೆ ಅವಕಾಶ ಕೊಟ್ಟ ನಗರ, ಕೆಂಗೇರಿ ಕಡೆ ಒಂದು, ಮಾಗಡಿ ರಸ್ತೆಯಲ್ಲಿ ಒಂದು ಮುಚ್ಚಿದ ರಂಗಮಂದಿರವನ್ನು ಕಡಿಮೆ ಬಾಡಿಗೆಗೆ ಈ ಜನರಿಗಾಗಿ ಕಟ್ಟಿಸಿಕೊಡಬಾರದೇ? ಅದಿಲ್ಲದೆ ಎಷ್ಟೋ ತಂಡಗಳು 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದಲ್ಲಿ ಹಗಲು ಹೊತ್ತು ಆಡಿ ಮುಗಿಸುತ್ತಿವೆ. ಹಗಲಾಟಕ್ಕೆ ಬರಲು ಪಾತ್ರಧಾರಿಯೂ ರಜೆ ಹಾಕಬೇಕು, ಪ್ರೇಕ್ಷಕನೂ ರಜೆ ಹಾಕಬೇಕು.

ನೋಡಬೇಕೆನ್ನುವವರು ಫ್ಲೆಕ್ಸಿನಲ್ಲಿರುವ ದಿನಾಂಕ ಗುರುತು ಹಾಕಿಕೊಂಡರೆ ಸಾಕು, ಆಮಂತ್ರಣ ಬೇಡ. ಬಯಲಿನಲ್ಲಿ ಆಡುವುದಾದರೆ ಒಂದು ಹೊದಿಕೆ ಇರಲಿ. ಬೇಗ ಏಳಬೇಕಾದವರು ಸಂಧಾನದ ದೃಶ್ಯ ಮುಗಿಯುವ ತನಕವಾದರೂ ಕೂರಲಿ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿದ ಅಜ್ಜಿಯರಿಗೆ ಇಡೀ ನಾಟಕ ಬರುತ್ತದೆ. ಪಕ್ಕ ಕೂತು ಕೇಳಿದರೆ ಯಾವ ಕೃಷ್ಣ ಯಾವ ಮೇಷ್ಟ್ರ ಶಿಷ್ಯ, ಯಾರ ಅಪ್ಪ ಯಾವ ಪಾರ್ಟು ಮಾಡುತ್ತಿದ್ದ ಎಂಬುದನ್ನೆಲ್ಲ ಹೇಳುತ್ತಾರೆ.