ಕಲಿಕೆಯ ತೊಡಕನ್ನು ಅರಿಯುವ ಬಗೆ

ಬಂಡೀಪುರದ ಕಾಡಂಚಿನ ಊರೊಂದರ ಬಾಲಕನು ಚೆಂಡುಹೂವಿನ ಮೂಟೆಗೆ ಎಷ್ಟು ಹಣವೆಂದು ಬಾಯಲ್ಲೇ ಲೆಕ್ಕ ಹೇಳುತ್ತಾನೆ. ಐದನೆಯ ತರಗತಿಗೆ ಬಂದರೂ ಒತ್ತಕ್ಷರವಿರುವ ಸಾಲನ್ನು ಮಾತ್ರ ಓದಲಾರನು. ಇಂಥವನನ್ನು ದಡ್ಡನೆಂದು ಜರೆಯುವುದು ಸುಲಭ. ಅದು ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಗಿರಬಹುದು.

ಇದನ್ನು ನಿರ್ಣಯಿಸಲು ತಜ್ಞರ ಪರೀಕ್ಷೆ ಬೇಕು. ಗುಂಡ್ಲುಪೇಟೆಯಿಂದ ಸುಮಾರು 60 ಕಿ.ಮೀ. ದೂರದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮೊದಲು ಕಣ್ಣು ಕಿವಿಗಳ ತಪಾಸಣೆಯಾಗಬೇಕು. ದೃಷ್ಟಿ ಮಂಜಾದ ಮಗುವೂ ಓದಲಾರದಷ್ಟೆ. ಬಳಿಕ ಮನಶ್ಶಾಸ್ತ್ರಜ್ಞರು ಬುದ್ಧಿಶಕ್ತಿಯನ್ನು ಅಳೆಯುವರು. ಓದಿಸಿ, ಉಕ್ತಲೇಖನ ಬರೆಸಿ, ಲೆಕ್ಕ ಮಾಡಿಸಿ, ಫಲಿತಾಂಶವನ್ನು ತರಗತಿಯ ಮಟ್ಟದೊಡನೆ ಹೋಲಿಸುವರು. ಇದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪರೀಕ್ಷಾಮಾಲೆಯೊಂದನ್ನು ರೂಪಿಸಿದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಜೇನುಕುರುಬರ ಮಕ್ಕಳ ಮನೆಮಾತು ಪಠ್ಯದ ಕನ್ನಡವಲ್ಲ. ಆ ಕಾರಣದ ಹಿನ್ನಡೆಯಾಗಲಿ, ಶಾಲೆ ತಪ್ಪಿದ್ದರಿಂದಾದ ಹಿನ್ನಡೆಯಾಗಲಿ ನ್ಯೂನತೆಯೆನಿಸದು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಈ ನ್ಯೂನತೆಯನ್ನು ಮಾನ್ಯ ಮಾಡಿದೆ. ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ದೊರೆಯುತ್ತದೆ. ತಜ್ಞರಲ್ಲಿಗೆ ಹೋಗುವಾಗ ಮಗುವಿನ ಹಳೆಯ ಕಾಪಿ ಪುಸ್ತಕಗಳನ್ನು ಒಯ್ಯುವುದು ಒಳ್ಳೆಯದು. ಉಪಾಧ್ಯಾಯರು ಗೀಚಿದ ಕೆಂಪು ಗೆರೆಗಳ ನಡುವೆಯೇ ತಪ್ಪಿನ ಬಗೆ ತಿಳಿಯುತ್ತದೆ.