ಬಣ್ಣ ಬಳಿಯುವ ಮುನ್ನ

ಮುರಕಲ್ಲಿನ ಗೋಡೆ ಎದ್ದಿದೆ, ತಾರಸಿಯ ಕಾಂಕ್ರೀಟು ಮುಗಿದಿದೆ, ಸಾರಣೆಯೂ ಆಗಿದೆ. ಇನ್ನುಳಿದಿರುವುದು ನೆಲ ಮತ್ತು ಬಣ್ಣ ಮಾತ್ರವೆಂದು ಮನೆಯವರು ನೆಮ್ಮದಿಯ ಉಸಿರು ಬಿಡುವ ಹೊತ್ತಿಗೇ ಕಾಸರಗೋಡಿನ ಅನೇಕ ಮನೆಗಳಲ್ಲಿ ನಿಜವಾದ ಸಂಕಷ್ಟ ಆರಂಭವಾಗುತ್ತದೆ. ಬ್ಯಾಂಕ್ ಸಾಲದ ಕೊನೆಯ ಕಂತು ಕರಗುತ್ತಿರುತ್ತದೆ. ಮನೆ ಒಕ್ಕಲಿಗೆ ಮೇ ತಿಂಗಳ ಮುಹೂರ್ತ ನಿಶ್ಚಯವಾಗಿರುತ್ತದೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಮಕ್ಕಳು ಹೊಸ ಮನೆಯಲ್ಲಿರಬೇಕೆಂಬ ಆಸೆ ಬೇರೆ. ಈ ಅವಸರದಲ್ಲಿ ಅಂಗಡಿಯ ಬಣ್ಣದ ಪುಸ್ತಕ ತಿರುವಿ ಹತ್ತು ನಿಮಿಷದಲ್ಲಿ ಆಯ್ದ ಬಣ್ಣದೊಡನೆ ಹತ್ತು ವರ್ಷ ಬಾಳಬೇಕಾಗುತ್ತದೆ.

ಗೋಡೆ ಒಣಗಲಿ

ಹೊಸ ಸಿಮೆಂಟು ಸಾರಣೆಯಲ್ಲಿ ನೀರಿನಂಶವೂ ಕ್ಷಾರವೂ ಇರುತ್ತವೆ. ಕ್ಯೂರಿಂಗ್ ಮುಗಿದು ಗೋಡೆ ಒಣಗಲು ಸಾಮಾನ್ಯವಾಗಿ ನಾಲ್ಕು ವಾರಗಳಾದರೂ ಬೇಕು. ಅದಕ್ಕೆ ಮೊದಲೇ ಪುಟ್ಟಿ ಎಳೆದು ಇಮಲ್ಷನ್ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಕಾಣದೆ ಬಣ್ಣದ ಪದರವನ್ನೇ ಎಬ್ಬಿಸುತ್ತದೆ. ಆಟಿ ತಿಂಗಳ ಮಳೆಗೆ ಗೋಡೆಯಲ್ಲಿ ಬಿಳಿಯ ಉಪ್ಪು ಕಾಣಿಸಿಕೊಂಡು, ಮೂಲೆಗಳಲ್ಲಿ ಕಪ್ಪು ಬೂಸ್ಟು ಹಿಡಿಯುತ್ತದೆ. ಆಗ ದೂರು ಬಣ್ಣದ ಕಂಪೆನಿಯ ಮೇಲೆ. ತಪ್ಪು ಮಾತ್ರ ಮುಹೂರ್ತದ ಅವಸರದ್ದು. ಒಕ್ಕಲನ್ನು ಮುಂದೂಡಲಾಗದಿದ್ದರೆ ಮೊದಲ ವರ್ಷ ಪ್ರೈಮರ್ ಅಥವಾ ಸುಣ್ಣಕ್ಕೆ ತೃಪ್ತರಾಗಿ, ಮಳೆಗಾಲ ಕಳೆದು ಗೋಡೆ ಒಣಗಿದ ಮೇಲೆ ಬಣ್ಣ ಬಳಿಸುವುದು ವಿವೇಕ. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ. ಅದರ ಕ್ಷಾರಗುಣ ಬೂಸ್ಟನ್ನು ದೂರವಿಡುತ್ತದೆ. ಹಿರಿಯರು ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದುದು ಬಡತನದ ಕಾರಣಕ್ಕಷ್ಟೇ ಅಲ್ಲ.

ನೆಲದ ವಿಷಯದಲ್ಲಿಯೂ ಇದೇ ಮಾತು. ರೆಡ್ ಆಕ್ಸೈಡ್ ಬೆರೆಸಿ ತೇಪಿ ನಯಗೊಳಿಸಿದ ಕಾವಿ ನೆಲ ತಲೆಮಾರುಗಳ ಕಾಲ ಕಾಲಿಗೆ ತಂಪೆರೆದಿದೆ. ಆದರೆ ಅದಕ್ಕೆ ಪಳಗಿದ ಮೇಸ್ತ್ರಿ ಬೇಕು, ವಾರಕ್ಕೂ ಮಿಕ್ಕಿ ನೀರುಣಿಸುವ ತಾಳ್ಮೆ ಬೇಕು. ಇಲ್ಲವಾದರೆ ಬಿರುಕು ಖಂಡಿತ. ವಿಟ್ರಿಫೈಡ್ ಟೈಲ್ಸ್ ಹಾಕುವವರು ಹೊಳಪಿಗೆ ಮರುಳಾಗುವ ಮೊದಲು ಮನೆಯ ಅಜ್ಜಿಯನ್ನು ನೆನೆಯಬೇಕು. ಮಳೆಗಾಲದಲ್ಲಿ ಒದ್ದೆ ಕಾಲಿನಿಂದ ಬರುವ ಜಗಲಿಗೂ ಬಚ್ಚಲಿಗೂ ಒರಟು ಮೈಯ ಟೈಲ್ಸೇ ಲೇಸು. ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ನೋಡಿ, ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚು ಕೊಂಡಿಡುವುದು ಒಳ್ಳೆಯದು. ಮುಂದೆ ಒಂದು ಟೈಲ್ ಒಡೆದಾಗ ಅದೇ ಛಾಯೆ ಮಾರುಕಟ್ಟೆಯಲ್ಲಿ ಸಿಗುವ ಭರವಸೆಯಿಲ್ಲ.

ಬೆಳಕಿಗೆ ತಕ್ಕ ಬಣ್ಣ

ಅಂಗೈಯಗಲದ ಕಾಗದದಲ್ಲಿ ಕಂಡ ಬಣ್ಣ ಇಡೀ ಗೋಡೆಗೆ ಬಂದಾಗ ಹೆಚ್ಚು ಗಾಢವಾಗಿ ತೋರುತ್ತದೆ. ಆದುದರಿಂದ ಎರಡಡಿ ಉದ್ದಗಲದ ಜಾಗದಲ್ಲಿ ಎರಡು ಕೋಟು ಬಳಿಸಿ, ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ ದೀಪದ ಬೆಳಕಿನಲ್ಲಿ ನೋಡಿದ ಬಳಿಕವೇ ನಿರ್ಧರಿಸಬೇಕು. ಹಳದಿ ಬೆಳಕಿನ ಎಲ್‌ಇಡಿಯ ಕೆಳಗೆ ತಿಳಿನೀಲಿ ಮಂಕಾಗುತ್ತದೆ. ಬಿಳಿ ಬೆಳಕಿನಲ್ಲಿ ಅದೇ ನೀಲಿ ಎದ್ದು ಕಾಣುತ್ತದೆ. ಹಗಲಿನಲ್ಲೇ ದೀಪ ಹಚ್ಚಬೇಕಾದ ಮಳೆಗಾಲದ ಊರಿನಲ್ಲಿ, ತೋಟದ ನೆರಳಿನ ಮನೆಯಲ್ಲಿ, ಮಕ್ಕಳು ಓದುವ ಕೋಣೆಗೆ ತಿಳಿಬಣ್ಣವೂ ಬಿಳಿಯ ಮಾಡೂ ಹಿತ. ಗಾಢ ಬಣ್ಣದ ಮೋಹವಿದ್ದರೆ ಅದನ್ನು ಚಾವಡಿಯ ಒಂದು ಗೋಡೆಗೆ ಮೀಸಲಿಡಬಹುದು.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗದಲ್ಲಿ 90 ಭಾಗವನ್ನು ಮೀರಬಾರದೆಂದು 2016ರ ಕೇಂದ್ರ ನಿಯಮಗಳು ವಿಧಿಸಿವೆ. 2017ರ ನವೆಂಬರ್‌ನಿಂದ ಈ ಮಿತಿ ಜಾರಿಯಲ್ಲಿದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಇಷ್ಟು ಪ್ರಮಾಣ ನಿರಪಾಯವೆನ್ನುವ ಮಟ್ಟವೇ ಅದಕ್ಕಿಲ್ಲ. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಹಿರಿಯರ ಮನೆ ಕೆಡವಿದಾಗ ಉಳಿದ ಹಲಸಿನ ಬಾಗಿಲನ್ನು ಹೊಸ ಮನೆಗೆ ಜೋಡಿಸುವವರು ಅದರ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿಸಬಾರದು. ಒದ್ದೆ ಮಾಡಿ, ಮಕ್ಕಳಿಂದ ದೂರದಲ್ಲಿ, ಅಂಗಳದಾಚೆ ಉಜ್ಜಿಸಿ, ಬಿದ್ದ ಪುಡಿಯನ್ನು ಒಟ್ಟುಗೂಡಿಸಿ ತೆಗೆಯಬೇಕು.

ಅಳತೆಯ ಲೆಕ್ಕ

ಬಣ್ಣದ ಕೆಲಸದಲ್ಲಿ ಮನಸ್ತಾಪ ಹುಟ್ಟುವುದು ಬಹುಪಾಲು ಅಳತೆಯಿಂದ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳ ವಿಸ್ತೀರ್ಣ 440 ಚದರ ಅಡಿ. 3 ಅಡಿ ಅಗಲ, 7 ಅಡಿ ಎತ್ತರದ ಒಂದು ಬಾಗಿಲನ್ನೂ 4 ಅಡಿ ಚೌಕದ ಎರಡು ಕಿಟಕಿಗಳನ್ನೂ ಕಳೆದರೆ 387 ಮಾತ್ರ. ಚದರ ಅಡಿಗೆ 20 ರೂಪಾಯಿ ದರವೆಂದಿಟ್ಟುಕೊಂಡರೆ ಒಂದೇ ಕೋಣೆಗೆ 1,060 ರೂಪಾಯಿಯ ಅಂತರ. ಅಂಥ ಆರು ಕೋಣೆಗಳಿಗೆ 6,360. ಬಾಗಿಲು ಕಿಟಕಿಗಳನ್ನು ಕಳೆಯುವುದೋ ಇಲ್ಲವೋ ಎಂಬುದನ್ನು ಕೆಲಸಕ್ಕೆ ಮೊದಲೇ ಮಾತಾಡಿಕೊಂಡರೆ ಜಗಳವಿಲ್ಲ. ಈ ಲೆಕ್ಕವನ್ನು ಏಳನೆಯ ತರಗತಿಯ ಮಗು ಮಾಡಬಲ್ಲದು. ಟೇಪು ಹಿಡಿದು ಮಾಡಿಸಿದರೆ ಗಣಿತದ ಪಾಠವೂ ಆಯಿತು.

ತಿಳಿಯುವ ಭಾಷೆಯಲ್ಲಿ ಕರಾರು

ಕನ್ನಡ ಮಾತ್ರ ಓದಬಲ್ಲ ಎಷ್ಟೋ ತಂದೆತಾಯಂದಿರು ಮಲಯಾಳದಲ್ಲಿ ಬರೆದ ಕರಾರಿಗೆ ನಂಬಿಕೆಯ ಮೇಲೆ ಸಹಿ ಹಾಕುತ್ತಾರೆ. ಓದಲು ಬಾರದೆಂಬ ಕಾರಣಕ್ಕೆ ಸಹಿಯ ಹೊಣೆ ಸಾಮಾನ್ಯವಾಗಿ ತಪ್ಪದು. ಕರಾರು ಇಂಥದೇ ಭಾಷೆಯಲ್ಲಿರಬೇಕೆಂದು ಕರಾರು ಕಾಯಿದೆ ಹೇಳುವುದಿಲ್ಲ; ಕನ್ನಡದಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಎರಡು ಭಾಷೆಗಳಲ್ಲಿಯೂ ಬರೆದರೆ ಭಿನ್ನಾಭಿಪ್ರಾಯ ಬಂದಾಗ ಯಾವ ಪ್ರತಿ ಮಾನ್ಯವೆಂಬುದನ್ನೂ ನಮೂದಿಸಬೇಕು. ಬಣ್ಣದ ಕಂಪೆನಿ ಮತ್ತು ಸಂಖ್ಯೆ, ಪುಟ್ಟಿ-ಪ್ರೈಮರ್‌ಗಳ ಸಹಿತ ಎಷ್ಟು ಕೋಟು, ಸಾಮಗ್ರಿ ಯಾರದು, ಅಳತೆಯ ಕ್ರಮ, ಹಣದ ಕಂತುಗಳು, ಮುಗಿಸುವ ದಿನ: ಇಷ್ಟು ಒಂದು ಪುಟದಲ್ಲಿ ಅಡಗುತ್ತದೆ. ಕೊನೆಯ ಕಂತನ್ನು ಕೆಲಸ ಪರಿಶೀಲಿಸಿದ ಮೇಲಷ್ಟೇ ಕೊಡುವುದೆಂದು ಬರೆದಿಡುವುದು ಕ್ಷೇಮ.

ಹಾಗಿದ್ದೂ ಕೆಲಸ ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಶ್ರಯವಿದೆ. ಮನೆ ಕಟ್ಟುವ ಕೆಲಸವೂ ಅಲ್ಲಿ ಸೇವೆಯೆಂದೇ ಪರಿಗಣಿತವಾಗಿದೆ. ತೆತ್ತ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಆಗ ನೆರವಿಗೆ ಬರುವುದು ಬಿಲ್ಲು, ಡಬ್ಬಿಯ ಬ್ಯಾಚ್ ಸಂಖ್ಯೆ, ದಿನಾಂಕವಿರುವ ಫೋಟೊ. ಬಾಯಿಮಾತನ್ನು ಸಿದ್ಧಪಡಿಸುವುದು ಕಷ್ಟ.

ಮನೆಯವರೆಲ್ಲ ಸೇರಿ ಬಣ್ಣ ಆರಿಸುವ ಸಂಜೆ ಸಂತಸದ್ದೇ. ಅಂದು ಬಣ್ಣದ ಪುಸ್ತಕದ ಪಕ್ಕದಲ್ಲಿ ಕರಾರಿನ ಆ ಒಂದು ಪುಟವೂ ಇರಲಿ. ಕನ್ನಡ ಶಾಲೆಗೆ ಹೋಗುವ ಮಗು ಅದನ್ನು ಗಟ್ಟಿಯಾಗಿ ಓದಲಿ. ಅಜ್ಜ ಅಜ್ಜಿಯರಾದಿಯಾಗಿ ಎಲ್ಲರಿಗೂ ಅರ್ಥವಾದ ಮೇಲೆ ಸಹಿ ಬೀಳಲಿ.