ಎರಡು ಜೋಡಿ, ಎರಡನೇ ಪರೀಕ್ಷೆ

ಕುಂದಾಪುರ ತಾಲೂಕಿನ ಶಂಕರನಾರಾಯಣದ ದೇವಸ್ಥಾನದಲ್ಲಿ ಶಂಕರನೂ ನಾರಾಯಣನೂ ಒಂದೇ ಗರ್ಭಗುಡಿಯಲ್ಲಿ ಎರಡು ಲಿಂಗಗಳಾಗಿದ್ದಾರೆ. ಆದರೆ ಊರಿಗೆ ಇರುವುದು ಒಂದೇ ಹೆಸರು. ಹಾಗೆಯೇ ಇಬ್ಬರ ಹೆಸರು ಒಂದಾಗಿ ಬೆರೆತುಹೋದ ಉದಾಹರಣೆ ಕನ್ನಡ ಚಿತ್ರಸಂಗೀತದಲ್ಲಿಯೂ ಇದೆ. ಅದು ರಾಜನ್–ನಾಗೇಂದ್ರ. ಈ ಹೆಸರು ಒಬ್ಬರದೇ ಎಂದು ಚಿಕ್ಕಂದಿನಲ್ಲಿ ನಂಬಿದ್ದ ರೇಡಿಯೊ ಕೇಳುಗರು ಕಡಿಮೆಯಿಲ್ಲ.

ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ‘ಎರಡನೇ ಆಲ್ಬಂ’ ಎಂದರೆ ಗಂಡಾಂತರದ ಘಟ್ಟ. ಮೊದಲನೆಯದಕ್ಕೆ ಕಲಾವಿದನ ಬಳಿ ವರ್ಷಗಟ್ಟಲೆ ಕೂಡಿಟ್ಟ ಸರಕಿರುತ್ತದೆ. ಎರಡನೆಯದಕ್ಕೆ ಸಮಯವೂ ಕಡಿಮೆ, ಸರಕೂ ಕಡಿಮೆ. ಗೆದ್ದದ್ದನ್ನೇ ಮತ್ತೆ ಹಾಡಿದರೆ ಜನರಿಗೆ ಬೇಸರ. ಪೂರಾ ಬದಲಾಯಿಸಿದರೆ ಗುರುತೇ ಸಿಗದೆ ಹೋಗುವ ಭಯ. ಜೋಡಿಯಾದರೆ ಇನ್ನೊಂದು ತೊಡಕು: ಯಶಸ್ಸು ಯಾರದು?

ಇಂಗ್ಲೆಂಡಿನ ‘ವ್ಯಾಮ್’ ಜೋಡಿಯನ್ನೇ ನೋಡಿ. ಜಾರ್ಜ್ ಮೈಕೇಲ್ ಮತ್ತು ಆಂಡ್ರ್ಯೂ ರಿಜ್ಲಿ 1983ರಲ್ಲಿ ಮೊದಲ ಆಲ್ಬಂ ತಂದರು. 1984ರಲ್ಲಿ ಬಂದ ಎರಡನೆಯದು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಆದರೆ ಅದರ ಹೆಚ್ಚಿನ ಹಾಡುಗಳನ್ನು ಬರೆದವರು ಜಾರ್ಜ್ ಒಬ್ಬರೇ. 1986ರಲ್ಲಿ ಜೋಡಿ ಮುರಿಯಿತು.

ರಾಜನ್ (1933–2020) ಮತ್ತು ನಾಗೇಂದ್ರ (1935–2000) ಮೈಸೂರಿನ ಸಹೋದರರು. ತಂದೆ ರಾಜಪ್ಪ ಹಾರ್ಮೋನಿಯಂ, ಕೊಳಲು ವಾದಕರು. ಮೂಕಿ ಚಿತ್ರಗಳ ಕಾಲದಲ್ಲಿ ಚಿತ್ರಮಂದಿರದಲ್ಲಿ ವಾದ್ಯ ನುಡಿಸಿದವರು. ಅಣ್ಣ ಪಿಟೀಲು ಕಲಿತರು, ತಮ್ಮ ಜಲತರಂಗ. 1953ರ ‘ಸೌಭಾಗ್ಯಲಕ್ಷ್ಮಿ’ ಚಿತ್ರದಲ್ಲಿ ಅವರಿಗೆ ಅವಕಾಶ ಕೊಟ್ಟವರು ಬಿ. ವಿಠಲಾಚಾರ್ಯ. ಉಡುಪಿಯ ಉದ್ಯಾವರದಿಂದ ಹೊರಟು ಮುಂದೆ ತೆಲುಗಿನಲ್ಲಿ ಮಾಯಾಜಾಲದ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಅವರು. ನಮ್ಮ ಕರಾವಳಿಗೆ ಈ ಜೋಡಿಯೊಡನೆ ಹೀಗೊಂದು ಹಳೆಯ ನಂಟಿದೆ.

ಇವರನ್ನು ಮನೆಮಾತಾಗಿಸಿದ್ದು ಎಪ್ಪತ್ತರ ದಶಕ. ಆಗ ಇನ್ನೊಂದು ಜೋಡಿ ಇವರ ಜೊತೆ ಸೇರಿತು. ಅದು ‘ಜೇಡರ ಬಲೆ’ (1968), ‘ಕಸ್ತೂರಿ ನಿವಾಸ’ (1971) ಚಿತ್ರಗಳ ನಿರ್ದೇಶಕರಾದ ದೊರೈ–ಭಗವಾನ್. ಅವೆರಡು ಚಿತ್ರಗಳಿಗೂ ಸಂಗೀತ ಜಿ.ಕೆ. ವೆಂಕಟೇಶ್ ಅವರದು. 1974ರಲ್ಲಿ ‘ವಾಣಿ’ಯವರ ಕಾದಂಬರಿ ‘ಎರಡು ಕನಸು’ ಚಿತ್ರವಾದಾಗ ಎರಡು ಜೋಡಿಗಳೂ ಒಂದಾದವು. ನಾಯಕ ರಾಜ್‌ಕುಮಾರ್, ನಾಯಕಿಯರು ಕಲ್ಪನಾ ಮತ್ತು ಮಂಜುಳಾ, ಸಾಹಿತ್ಯ ಚಿ. ಉದಯಶಂಕರ್, ನಾಯಕನ ದನಿ ಪಿ.ಬಿ. ಶ್ರೀನಿವಾಸ್. ಹಾಡುಗಳು ಇಂದಿಗೂ ಮದುವೆಮನೆಗಳಲ್ಲಿ ಕೇಳಿಬರುತ್ತವೆ.

ಇಷ್ಟು ಗೆದ್ದ ಮೇಲೆ ಮುಂದೇನು? ಕಷ್ಟದ ಪ್ರಶ್ನೆ ಅದೇ. ಅದೇ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂದು, ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವ ಕಾಲ ಶುರುವಾಗಿತ್ತು. ಹಳೆಯ ಸೂತ್ರ ನಡೆಯುವಂತಿರಲಿಲ್ಲ.

ಎರಡು ಜೋಡಿಗಳ ಉತ್ತರ 1976ರ ‘ಬಯಲುದಾರಿ’. ಭಾರತೀಸುತರ ಕಾದಂಬರಿ. ಕಲ್ಪನಾ ಉಳಿದರು, ಉದಯಶಂಕರ್ ಉಳಿದರು, ಗಾಯಕಿಯರಲ್ಲಿ ಎಸ್. ಜಾನಕಿ, ವಾಣಿ ಜಯರಾಂ ಉಳಿದರು. ಆದರೆ ನಾಯಕನಾಗಿ ಹೊಸಬ ಅನಂತನಾಗ್ ಬಂದರು. ದನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದಾಯಿತು. ಶ್ರೀನಿವಾಸ್ ಅವರದು ಗಂಭೀರವಾದ, ಮೆಲ್ಲಗೆ ಹರಿಯುವ ದನಿ. ಬಾಲು ಅವರದು ನಗು, ಉಸಿರು, ತುಂಟತನ ಎಲ್ಲವನ್ನೂ ಹಾಡಿನೊಳಗೇ ತರುವ ಯುವಕನ ದನಿ. ಅದಕ್ಕೆ ಹೊಂದುವಂತೆ ರಾಗದ ಅಳತೆಯೂ ಲಯದ ನಡೆಯೂ ಬದಲಾದವು. ಮಾಧುರ್ಯ ಮಾತ್ರ ಬದಲಾಗಲಿಲ್ಲ. ಅದೇ ವರ್ಷದ ‘ನಾ ನಿನ್ನ ಮರೆಯಲಾರೆ’ ಚಿತ್ರಕ್ಕೂ ಈ ಸಹೋದರರದೇ ಸಂಗೀತ. ಅಲ್ಲಿ ಹಾಡಿದವರು ಸ್ವತಃ ರಾಜ್‌ಕುಮಾರ್. ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ಗಂಡುದನಿಗಳಿಗೆ ಒಪ್ಪುವ ಹಾಡುಗಳನ್ನು ಅವರು ಕಟ್ಟಿಕೊಟ್ಟರು.

ಲಯದ ಬಗ್ಗೆ ಒಂದು ಮಾತು. ಅರವತ್ತರ ದಶಕದಲ್ಲಿ ಅಮೆರಿಕದ ಜೇಮ್ಸ್ ಬ್ರೌನ್ ಮತ್ತು ಅವರ ವಾದ್ಯವೃಂದ ರೂಪಿಸಿದ ‘ಫಂಕ್’ ಸಂಗೀತದ ಗುಟ್ಟು ಸರಳ. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಒತ್ತು ಕೊಡುವುದು, ಬೇಸ್ ಗಿಟಾರ್ ಮತ್ತು ಡ್ರಮ್ಸ್ ಅದನ್ನು ಬಿಗಿಯಾಗಿ ಹಿಡಿಯುವುದು, ಅದರ ಮೇಲೆ ಗಾಯಕ ಸ್ವತಂತ್ರವಾಗಿ ಆಡುವುದು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದ್ದಳೆ, ಚಂಡೆ ತಾಳ ಹಿಡಿದಿರುವಾಗ ಭಾಗವತರು ಪದವನ್ನು ಎಳೆದು, ತಡೆದು, ಮತ್ತೆ ತಾಳಕ್ಕೆ ಬಂದು ಕೂಡುವುದನ್ನು ಇಲ್ಲಿಯ ಜನ ಬೆಳಗಾಗುವವರೆಗೂ ಕುಳಿತು ಕೇಳಿದವರು. ರಾಜನ್–ನಾಗೇಂದ್ರರದು ಫಂಕ್ ಅಲ್ಲ. ಆದರೆ ಮದರಾಸಿನ ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ತಬಲಾದ ಪಕ್ಕ ಬೊಂಗೊ, ಡ್ರಮ್ಸ್, ಬೇಸ್ ಗಿಟಾರ್ ಬಂದು ಕೂತಿದ್ದ ಕಾಲವದು. ರಾಗವನ್ನು ಬಿಡದೆ ಆ ವಾದ್ಯಗಳನ್ನು ಬಳಸಿಕೊಂಡದ್ದು ಇವರ ಜಾಣ್ಮೆ.

ಇದೇ ತಂಡದ ಮೂರನೆಯ ಕಾಣಿಕೆ ‘ಗಿರಿಕನ್ಯೆ’ 1977ರಲ್ಲಿ ಬಂತು. ಮರುವರ್ಷ ಬಂದ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಇದೇ ಸಹೋದರರು ಹಳ್ಳಿಯ ಜನಪದ ಧಾಟಿಗೆ ಹೊರಳಿದರು. ಒಟ್ಟು ಚಿತ್ರಗಳ ಸಂಖ್ಯೆ ವಿವಿಧ ಭಾಷೆಗಳಲ್ಲಿ ಸುಮಾರು 375 ಎನ್ನುತ್ತಾರೆ.

ಇಷ್ಟು ದೀರ್ಘ ಪಯಣದಲ್ಲಿ ಯಾವ ರಾಗ ಅಣ್ಣನದು, ಯಾವುದು ತಮ್ಮನದು ಎಂದು ಕೇಳುಗರು ವಿಂಗಡಿಸಲು ಹೋಗಲಿಲ್ಲ. ಚಿತ್ರದ ಶೀರ್ಷಿಕೆಯಲ್ಲೂ ಧ್ವನಿಮುದ್ರಿಕೆಯ ಹೊದಿಕೆಯಲ್ಲೂ ಇದ್ದದ್ದು ಜೋಡಿ ಹೆಸರು. ಆದರೆ ಈ ಬೆಸುಗೆಗೆ ಒಂದು ಬೆಲೆಯೂ ಇದೆ. ಹಾಡಿನ ಮುಖ ಗಾಯಕ, ತೆರೆಯ ಮುಖ ನಾಯಕ. ಅವರ ಹಿಂದೆ ನಿಂತ ಇಬ್ಬರೂ ಬರೀ ಒಂದು ಹೆಸರಾಗಿ ಉಳಿದು, ಆ ಮನುಷ್ಯರು ಹೇಗಿದ್ದರೆಂಬುದೇ ಮರೆತುಹೋಗುವ ಅಪಾಯ. ಕೈಯಲ್ಲಿರುವ ಫೋನಿನಲ್ಲಿ ಹಾಡು ಕೇಳುವ ಇಂದಿನವರಿಗೆ ಹೊದಿಕೆ ತಿರುಗಿಸಿ ಓದುವ ರೂಢಿಯೂ ಇಲ್ಲ.

ನಾಗೇಂದ್ರ ನವೆಂಬರ್ 2000ದಲ್ಲಿ ತೀರಿಕೊಂಡರು. ರಾಜನ್ ಮುಂದಿನ 20 ವರ್ಷ ತಮ್ಮನಿಲ್ಲದೆ ಬದುಕಿದರು. 2020ರ ಸೆಪ್ಟೆಂಬರ್ 25ರಂದು ‘ಬಯಲುದಾರಿ’ಯ ದನಿ ಬಾಲಸುಬ್ರಹ್ಮಣ್ಯಂ ನಿಧನರಾದರು. ಅದಾಗಿ ಮೂರು ವಾರ ತುಂಬುವ ಮೊದಲೇ, ಅಕ್ಟೋಬರ್ 11ರಂದು, ರಾಜನ್ ಕೂಡ ಹೊರಟುಹೋದರು. ಬಿಡುವಾದಾಗ ‘ಎರಡು ಕನಸು’ ಮತ್ತು ‘ಬಯಲುದಾರಿ’ಯ ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ಈ ಸಲ ಗಾಯಕರ ದನಿಯನ್ನು ಬದಿಗಿಟ್ಟು, ಹಿಂದಿನ ಪಿಟೀಲಿಗೂ ತಾಳಕ್ಕೂ ಕಿವಿಗೊಡಿ.